ಆಯುಧಪೂಜೆಯ ದಿನದ ರೆಕಾರ್ಡಿಂಗ್

ನಮ್ಮದು ನಾಲ್ವರ ರಾಕ್ ಬ್ಯಾಂಡ್. ಒಂದು ಹಾಡು ಶುರುವಾದರೆ ಕಾಲು ಗಂಟೆಯಾದರೂ ಮುಗಿಯುತ್ತಿರಲಿಲ್ಲ, ತಾಳ ನಡುನಡುವೆ ಬದಲಾಗುತ್ತಿತ್ತು. ಹೊಸೂರಿನ ಆರ್ಕೆಸ್ಟ್ರಾದವರು ‘ಊರಿಗೇ ಒಂದು ದಾರಿಯಾದರೆ ಪೋರನಿಗೇ ಒಂದು ದಾರಿ’ ಎಂದು ನಗುತ್ತಿದ್ದರು. ನಗಲಿ ಬಿಡಿ. ನಮ್ಮ ಮೊದಲ ಆಲ್ಬಂ ಮುಗಿಯಲು ಒಂದೇ ಹಾಡು ಬಾಕಿಯಿತ್ತು, ಅದೂ ಎಲ್ಲಕ್ಕಿಂತ ಉದ್ದದ್ದು.

ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ಸಂಜೆ ಕೀಬೋರ್ಡ್ ನುಡಿಸುತ್ತಿದ್ದೆ. ಡ್ರಮ್ಸ್ ನುಡಿಸುವವನು ಕಾರ್ಖಾನೆಯ ಕೆಲಸಗಾರ. ಕಂಪನಿ ಅವನನ್ನು ಪುಣೆಗೆ ವರ್ಗ ಮಾಡಿತ್ತು. ವಿಜಯದಶಮಿ ಒಳ್ಳೆಯ ದಿನವೆಂದು ಅವತ್ತು ಬೆಳಿಗ್ಗೆಯೇ ಹೊರಡುವವನಿದ್ದ. ನಾವು ರೆಕಾರ್ಡ್ ಮಾಡುತ್ತಿದ್ದದ್ದು ಹೊಸೂರಿನ ಆಲಸನತ್ತಂ ದಾಟಿದ ಮೇಲೆ ಸಿಗುವ ಒಂದು ಶೆಡ್ಡಿನಲ್ಲಿ. ಅಕ್ಕಪಕ್ಕದಲ್ಲಿ ಪ್ರೆಸ್ ಮಷೀನುಗಳು ಇಡೀ ದಿನ ತಗಡು ಬಡಿಯುತ್ತಿದ್ದವು. ಮೈಕ್ ಇಟ್ಟರೆ ಅವೇ ಮೊದಲು ಕೇಳಿಸುತ್ತಿದ್ದವು. ಅವು ಬಾಯಿ ಮುಚ್ಚುವುದು ಆಯುಧಪೂಜೆಯ ದಿನ ಮಾತ್ರ. ಅವತ್ತೇ ಮಾಡೋಣ ಎಂದವಳು ನಾನು. ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ.

ಬೆಳಿಗ್ಗೆ ಹೋಗಿ ನೋಡಿದರೆ ಡ್ರಮ್ಸಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ನನ್ನ ಕೀಬೋರ್ಡಿನ ಮೇಲೂ ಗಂಧದ ಬೊಟ್ಟು. ಡ್ರಮ್ಸ್ ನುಡಿಸುವವನ ಅಪ್ಪ ಕರ್ಪೂರದ ತಟ್ಟೆ ಹಿಡಿದು ನಿಂತಿದ್ದರು. ಪೂಜೆಗಿಟ್ಟದ್ದನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ. ಪ್ರತಿ ವರ್ಷ ಪುಸ್ತಕಗಳನ್ನು ಹಾಗೇ ಪೂಜೆಗಿಟ್ಟು ಬೆಳೆದವಳು ನಾನು. ಆದರೂ ಅದು ತಲೆಗೇ ಹೊಳೆದಿರಲಿಲ್ಲ!

“ಮಾಮಾ, ಇವತ್ತು ಬಿಟ್ರೆ ಇಲ್ಲ,” ಎಂದೆ. ದನಿ ಏರಿಯೇ ಇತ್ತು.

“ನೋಡವ್ವಾ, ನಂಗೂ ಹಿಂಗೇ ಅಂದ್ರು. ಅರ್ಜೆಂಟ್ ಆರ್ಡರ್, ಇವತ್ತೊಂದಿನ ಓಡ್ಸು ಅಂತ. ಪೂಜೆ ಮಾಡಿದ್ ಪ್ರೆಸ್ ಮಷೀನ್ನೇ ಓಡಿಸ್ದೆ.” ಅವರು ಬಲಗೈ ಎತ್ತಿ ತೋರಿಸಿದರು. ನಡುವಿನ ಎರಡು ಬೆರಳು ಇರಲಿಲ್ಲ.

ಆದರೂ ನನ್ನ ಸಿಟ್ಟು ಇಳಿದಿರಲಿಲ್ಲ. ಪ್ರೆಸ್ಸಿಗೂ ಡ್ರಮ್ಸಿಗೂ ಏನು ಸಂಬಂಧ ಎಂದು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಮಗ ನೆಲ ನೋಡುತ್ತಿದ್ದ. ಕೊನೆಗೆ ಅವನೇ, “ಅಪ್ಪಾ, ನಾಳೆ ಹೊಂಟೋಗ್ತೀನಿ. ಇದೊಂದ್ ಮುಗಿಸ್ಬುಟ್ಟು ಹೋಗ್ತೀನಿ,” ಎಂದ.

ಅವರು ತಟ್ಟೆ ಕೆಳಗಿಟ್ಟರು. ಆಮೇಲೆ ತಾವೇ ಹಾರ ತೆಗೆದರು. ಕೋಲುಗಳನ್ನು ಕಣ್ಣಿಗೊತ್ತಿಕೊಂಡು ಮಗನ ಕೈಗೆ ಕೊಟ್ಟರು. “ನಾನಿಲ್ಲೇ ಕುಂತಿರ್ತೀನಿ. ಉಷಾರು ಕಣ್ಲಾ.”

ನಾಲ್ವರೂ ಒಟ್ಟಿಗೆ, ಎಲ್ಲೂ ನಿಲ್ಲಿಸದೆ ನುಡಿಸಬೇಕು. ಅಪ್ಪನ ಕಣ್ಣು ಮಗನ ಕೈ ಬಿಟ್ಟು ಕದಲಲಿಲ್ಲ. ನನ್ನ ಕಣ್ಣೂ ಅಲ್ಲೇ. ಅವನ ತಾಳ ಎಲ್ಲಿ ತಪ್ಪೀತೋ ಎಂದು ಜೀವ ಬಾಯಿಗೆ ಬಂದಿತ್ತು. ತಪ್ಪಲಿಲ್ಲ. ಕೊನೆಯ ಪೆಟ್ಟು ಬಿತ್ತು. ಸಿಂಬಲ್ಲಿನ ನಾದ ತಾನಾಗಿ ಅಡಗುವವರೆಗೆ ಯಾರೂ ಉಸಿರೆತ್ತಬಾರದೆಂದು ಮೊದಲೇ ಹೇಳಿದ್ದೆ. ಅದು ಇನ್ನೂ ಗುಂಯ್‌ಗುಡುತ್ತಿರುವಾಗಲೇ ಅವರು ಕುರ್ಚಿ ಎಳೆದು ಎದ್ದರು. ನನಗೆ ಮೈಯೆಲ್ಲ ಉರಿಯಿತು. ಕೂತುಕೊಳ್ಳಿ ಎಂದು ಕೈ ಬೀಸಿದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಮಗನ ಎರಡೂ ಕೈ ಹಿಡಿದು ಒಂದೊಂದೇ ಬೆರಳನ್ನು ಒತ್ತಿ ನೋಡತೊಡಗಿದರು.

“ಎಲ್ಲಾ ಸರಿಯಾಗವೆ,” ಎಂದರು, ಮೈಕಿನ ಮುಂದೆಯೇ.

ಇನ್ನೊಂದು ಸಲ ನುಡಿಸೋಣ ಎನ್ನಲು ನನಗೆ ಬಾಯಿ ಬರಲಿಲ್ಲ. ಆಲ್ಬಂ ಆ ಮಾತಿನೊಂದಿಗೇ ಹೊರಬಂತು.