ಹಗೇವಿಗೆ ಇಳಿಸಿದ ದೀಪ

ಬಹಳ ದಿನ ಮುಚ್ಚಿಟ್ಟ ಜೋಳದ ಚೀಲ ಬಿಚ್ಚಿದಾಗ ಬರುವ ಬೆಚ್ಚನೆಯ ಹುಳಿ ವಾಸನೆ ನನಗೆ ಈಗಲೂ ಆಗದು. ನಿಮ್ಮ ಹಿರಿಯರ ಮನೆಯಲ್ಲೂ ಹಗೇವು ಇದ್ದಿದ್ದರೆ ಆ ವಾಸನೆ ನಿಮಗೂ ಗೊತ್ತಿರುತ್ತದೆ. ಕೊಳಕೂರಿನ ನಮ್ಮ ವಾಡೆಯ ಒಳ ಅಂಗಳದಲ್ಲಿ ಅಂಥ ಎರಡು ನೆಲದ ಕಣಜಗಳಿದ್ದವು. ವಾಡೆ ಕಟ್ಟಿಸಿದ ಮುತ್ತಜ್ಜ ಮೊದಲು ತೋಡಿಸಿದ್ದು ಅವನ್ನೇ ಅಂತೆ. ಎತ್ತು ನಡೆಯುವಷ್ಟು ಅಗಲದ ಗೋಡೆ, ಕಬ್ಬಿಣದ ಮೊಳೆ ಬಡಿದ ಹೆಬ್ಬಾಗಿಲು, ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದ ಪಡಸಾಲೆ, ಎಲ್ಲ ಆಮೇಲೆ ಬಂದವು. ತಾಯಿಯಿಲ್ಲದ ನನ್ನನ್ನು ಅಲ್ಲಿ ಸಾಕಿದವಳು ಕಾಕನ ಹೆಂಡತಿ, ನನ್ನ ಚಿಗವ್ವ. ಹಗೇವಿನ ಬಾಯಿಯ ಕಲ್ಲು ಸರಿಸಿದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಒಂದು ದಿನ ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದು ಅಜ್ಜ ನನಗೂ ಕಲಿಸಿದ್ದ.

ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ ಅದು. ನವಾಬನ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಗೆ ಇನ್ನೂ ಬಂದಿರಲಿಲ್ಲ. ಊರು ಸುಟ್ಟ ಸುದ್ದಿಗಳಷ್ಟೇ ಬರುತ್ತಿದ್ದವು. ಸುಡುವವರ ಹೆಸರೆತ್ತಲೂ ಹೆದರಿ ಮನೆಯಲ್ಲಿ ‘ಅವರು’ ಎನ್ನುತ್ತಿದ್ದರು. ಕಾಕ ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿದ್ದ. ಒಂದು ಮಧ್ಯಾಹ್ನ, ಅಂದೋಲಾ ದಾರಿಯಲ್ಲಿ ಧೂಳೆದ್ದಿದೆ ಎಂದು ಯಾರೋ ಕೂಗಿಕೊಂಡು ಓಡಿದರು. ಅಜ್ಜ ಹಾರೆ ಹಾಕಿ ಹಗೇವಿನ ಕಲ್ಲು ಸರಿಸಿದ. “ಇಬ್ಬರೂ ಒಳಗ ಇಳೀರಿ. ದೀಪ ಬಿಟ್ಟು ನೋಡಿ ಇಳೀರಿ” ಎಂದವನೇ ಹೆಬ್ಬಾಗಿಲಿಗೆ ಅಗಳಿ ಹಾಕಲು ಹೋದ. ಚಿಗವ್ವ ರೊಟ್ಟಿ ಕಟ್ಟಿಕೊಳ್ಳಲು ಅಡುಗೆಮನೆಗೆ ಓಡಿದಳು. ಹಗ್ಗ ನನ್ನ ಕೈಯಲ್ಲಿತ್ತು. ಸ್ವಲ್ಪ ಇಳಿಯುತ್ತಲೇ ದೀಪ ಪಕ್ಕನೆ ಆರಿತು. ಹಗ್ಗ ತೂಗಾಡಿ ಆರಿರಬೇಕು ಎಂದುಕೊಂಡೆ. ಇಳಿಯದಿದ್ದರೆ ಅವರ ಕೈಗೆ ಸಿಗುತ್ತೇವೆ ಎಂಬುದೊಂದೇ ತಲೆಯಲ್ಲಿತ್ತು.

“ದೀಪ ಹ್ಯಾಂಗದ ಬೇ?” ಅಜ್ಜ ಬಾಗಿಲಿನಿಂದ ಕೇಳಿದ.

“ಉರಿಯಾಕತ್ತದ, ಅಜ್ಜಾ.”

ಚಿಗವ್ವ ಸೀರೆ ಕಚ್ಚೆ ಹಾಕಿ ಬಂದಳು. ನನ್ನ ಮುಖ ನೋಡಿ ನಗಿಸಲು ಹೊರಟಳು. “ನಿನ್ನ ಲಗ್ನಕ್ಕಂತ ಇಟ್ಟ ಜ್ವಾಳ ಇದು. ನಿನಗಿಂತ ಮೊದಲ ನಾನ ಅದರ ಮ್ಯಾಲ ಕುಣೀತೇನಿ, ನೋಡು. ಅಲ್ಲೇ ಕುಂದ್ರು, ಕೆಳಗ ನಿಂತು ನಿನ್ನ ಇಳಿಸ್ಕೋತೇನಿ.” ಅವಳು ಒಳಗಿಳಿದ ಮೇಲೆ ನಾನು ಹಗೇವಿನ ಬಾಯಿಗೆ ಕಾಲು ಇಳಿಬಿಟ್ಟು ಕೂತೆ. ಜೋಳ ಜರಿದ ಸದ್ದಾಯಿತು. ಅವಳ ಕೈ ನನ್ನ ಪಾದಕ್ಕೆ ತಾಗುವುದನ್ನೇ ಕಾಯುತ್ತಿದ್ದೆ. ತಾಗಲಿಲ್ಲ. ಕರೆದೆ, ಮತ್ತೆ ಕರೆದೆ.

ಅವರು ಅಂದು ನಮ್ಮೂರಿಗೆ ಬರಲೇ ಇಲ್ಲ. ಆ ಧೂಳು, ಅವರಿಗೆ ಹೆದರಿ ಊರು ಬಿಟ್ಟು ಬರುತ್ತಿದ್ದವರ ಬಂಡಿಗಳದು.

ಹಗೇವು ಎರಡನ್ನೂ ಮಣ್ಣು ತುಂಬಿ ಮುಚ್ಚಿದರು. ಅಜ್ಜ ತೀರಿಕೊಂಡ ಮೇಲೆ ವಾಡೆಯೂ ಉಳಿಯಲಿಲ್ಲ, ಅದರ ಕಲ್ಲುಗಳು ಈಗ ಯಾರ್ಯಾರದೋ ಮನೆಯ ಗೋಡೆಗಳಲ್ಲಿವೆ. ಇದ್ದಷ್ಟು ದಿನ ಅಜ್ಜ ಪಡಸಾಲೆಯ ಕಂಬಕ್ಕೆ ಒರಗಿ, ಕೊನೆಯ ತನಕ ಅದನ್ನೇ ಕೇಳುತ್ತಿದ್ದ: “ದೀಪ ಉರಿದಿತ್ತಲ್ಲ ಬೇ. ಮತ್ತ ಹ್ಯಾಂಗ ಹೋದಳು ಆಕಿ?” ನಾನು ತಲೆ ತಗ್ಗಿಸಿ ಅವನ ಕಾಲು ಒತ್ತುತ್ತಿದ್ದೆ.