ಖಾರದವ್ವ

ಬೆಟಗೇರಿಯ ನಮ್ಮ ಓಣಿಗೆ ಬಂದ ಹೊಸಬರು ಹನಮಂತವ್ವನನ್ನು ನೋಡಿ ಬಹಳ ನಾಚಿಕೆಯ ಹೆಂಗಸು ಅಂದುಕೊಳ್ಳುತ್ತಿದ್ದರು. ಮಾತಾಡುವಾಗ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಲ್ಲುತ್ತಿದ್ದಳಲ್ಲ, ಅದಕ್ಕೆ. ನಾಚಿಕೆಯೂ ಇಲ್ಲ, ಮಣ್ಣೂ ಇಲ್ಲ. ಸಂತೆಯಲ್ಲಿ ಬದನೆಕಾಯಿಯವಳ ಜೊತೆ ಜಗಳಕ್ಕೆ ನಿಂತರೆ ಅರ್ಧ ಸಂತೆ ತಿರುಗಿ ನೋಡುತ್ತಿತ್ತು. ಅವಳು ಮುಚ್ಚಿಡುತ್ತಿದ್ದದ್ದು ಕೈಗಳನ್ನು ಮಾತ್ರ.

ಗದಗಿನ ಅಡತಿ ಅಂಗಡಿಯೊಂದರಲ್ಲಿ ಒಣಮೆಣಸಿನಕಾಯಿಯ ತೊಟ್ಟು ಮುರಿಯುವುದು ಅವಳ ಕೆಲಸ. ಸಂಕ್ರಾಂತಿ ಕಳೆದರೆ ಯುಗಾದಿ ದಾಟುವ ತನಕ, ಬೆಳಿಗ್ಗೆಯಿಂದ ಸಂಜೆವರೆಗೆ ರಾಶಿಯ ಮುಂದೆ ಕೂತು ಒಂದೊಂದೇ ಕಾಯಿಯ ತೊಟ್ಟು ಕೀಳಬೇಕು. ಮೊದಲ ವಾರ ಬೆರಳು ಉರಿಯುತ್ತವೆ, ಎರಡನೆಯ ವಾರ ಊದಿಕೊಳ್ಳುತ್ತವೆ. ಆಮೇಲೆ ಉಗುರಿನ ಸುತ್ತ ಚರ್ಮ ಸೀಳುತ್ತದೆ, ಸೀಳಿನೊಳಗೆ ಮತ್ತೆ ಖಾರ ಇಳಿಯುತ್ತದೆ. ಸಬಕಾರ, ಬೂದಿ, ಮಜ್ಜಿಗೆ, ಯಾವುದರಲ್ಲಿ ತೊಳೆದರೂ ಪೂರ್ತಿ ಹೋಗುವುದಿಲ್ಲ. ಕುಸುಬಿ ಎಣ್ಣೆ ಸವರಿಕೊಂಡು, ಕೈಗಳನ್ನು ಮೈಯಿಂದ ದೂರ ಚಾಚಿ ಮಲಗುತ್ತಿದ್ದಳು.

"ಮಂದಿ ರೊಕ್ಕ ಕೊಟ್ಟು ಖಾರ ತರ್ತಾರ, ನನಗ ನೋಡು ಪುಕಟ ಸಿಕ್ಕೈತಿ" ಎಂದು ನಗುತ್ತಿದ್ದಳು.

ಗಂಡ ದ್ಯಾಮಪ್ಪ, ಇವಳು ಆರು ತಿಂಗಳ ಬಸುರಿಯಾಗಿದ್ದಾಗ ಗೋವಾಕ್ಕೆ ದುಡಿಯಲು ಹೋದವನು ತಿರುಗಿ ಬರಲಿಲ್ಲ. ಸತ್ತನೋ, ಅಲ್ಲೇ ಇನ್ನೊಂದು ಸಂಸಾರ ಹೂಡಿದನೋ ಯಾರಿಗೂ ಖಬರಿಲ್ಲ. ಎಪ್ಪತ್ತನೆಯ ಇಸವಿಯ ಶ್ರಾವಣದಲ್ಲಿ ರೇಣುಕಾ ಹುಟ್ಟಿದಳು. ಮೆಣಸಿನಕಾಯಿ ಸುಗ್ಗಿ ಬಂದಾಗ ಹನಮಂತವ್ವ ಕೂಸನ್ನು ಪಕ್ಕದಲ್ಲೇ ಇದ್ದ ನಮ್ಮ ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೊರಟಳು. ಕೂಸನ್ನು ನೋಡಿಕೊಳ್ಳುತ್ತಿದ್ದವಳು ನನ್ನ ತಾಯಿ ಮೋತಿಬಿ. ನಾನು ಒಬ್ಬಳೇ ಮಗಳು, ಆಗ ನನಗೆ ಹತ್ತು ವರ್ಷ.

ಒಂದು ಸಂಜೆ ಹನಮಂತವ್ವ ಬೂದಿಯಿಂದ ಮೂರು ಸಲ ಕೈ ತಿಕ್ಕಿ, ಮಜ್ಜಿಗೆಯಲ್ಲಿ ತೊಳೆದು, ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕಣ್ಣಿಗೆ ಕಾಡಿಗೆ ಹಚ್ಚಿದಳು. ಕೂಸು ಚೀರಿದ ಚೀರಾಟಕ್ಕೆ ಓಣಿಯೇ ಹೊರಗೆ ಬಂತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎರಡೂ ಕಣ್ಣು ಬಾತು ಮುಚ್ಚಿಹೋಗಿದ್ದವು.

"ತಾಯಿ ಏನ್ ನೀನು? ಕುರುಡಿ ಮಾಡಬೇಕಂತ ಮಾಡೀಯೇನು?" ಎಂದು ಡಾಕ್ಟರು ಹತ್ತು ಮಂದಿಯ ಮುಂದೆ ಬೈದರು. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕೂಸಿನ ಕಣ್ಣು ನೋಡಿದರು, ತಾಯಿಯ ಕೈ ನೋಡಲಿಲ್ಲ.

ಮೂರನೆಯ ದಿನ ಕೂಸು ಕಣ್ಣು ತೆರೆಯಿತು, ಯಾವ ಊನವೂ ಆಗಲಿಲ್ಲ. ಆದರೆ ಹನಮಂತವ್ವ ಮತ್ತೆ ಮಗಳ ಮುಖ ಮುಟ್ಟಲಿಲ್ಲ. ಹಾಲು ಕುಡಿಸುವಾಗಲೂ ಕೈಗೆ ಅರಿವೆ ಸುತ್ತಿಕೊಳ್ಳುತ್ತಿದ್ದಳು. ಕಾಡಿಗೆ ಹಚ್ಚುವುದು, ತುತ್ತು ಮಾಡಿ ಉಣಿಸುವುದು, ತಲೆ ಬಾಚುವುದು ಎಲ್ಲ ನನ್ನ ತಾಯಿಯ ಪಾಲಿಗೆ ಬಂತು. ಹೆರಳು ಹಾಕಿ ಮುಗಿಸಿದ ಮೇಲೆ ಅಮ್ಮ ರೇಣುಕಾಳ ಎರಡೂ ಗಲ್ಲ ಸವರಿ, ಬೆರಳುಗಳನ್ನು ತನ್ನ ಹಣೆಯ ಪಕ್ಕಕ್ಕೆ ಒತ್ತಿ ಲಟಲಟ ಎಂದು ಲಟಿಕೆ ಮುರಿಯುತ್ತಿದ್ದಳು. ಹನಮಂತವ್ವ ಹೊಸ್ತಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು, ಕೈ ಸೆರಗಿನೊಳಗೆ.

ರೇಣುಕಾ ಮಾತು ಕಲಿತಾಗ ನನ್ನ ತಾಯಿಯನ್ನು ಅವ್ವ ಎಂದಳು. ಹೆತ್ತವಳನ್ನು ಕರೆದದ್ದು ಖಾರದವ್ವ ಎಂದು. ಆ ಹೆಸರು ಕಲಿಸಿದವಳು ನಾನು. ಓಣಿಯೆಲ್ಲ ನಕ್ಕಿತು, ಹನಮಂತವ್ವನೂ ನಕ್ಕಳು, ನನಗೆ ದೊಡ್ಡ ಜಾಣ್ಮೆ ಮಾಡಿದೆ ಅನ್ನಿಸಿತ್ತು. ಈಗ ನೆನಸಿಕೊಂಡರೆ ನಾಲಗೆ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಮಳೆಗಾಲದಲ್ಲಿ ಮೆಣಸಿನಕಾಯಿ ಕೆಲಸ ಇರುತ್ತಿರಲಿಲ್ಲ. ಆಗ ಅವಳು ಬೆಳಿಗ್ಗೆ ಎದ್ದು ಮೊದಲು ತನ್ನ ಬೆರಳನ್ನು ತನ್ನ ಕಣ್ಣಿಗೇ ಒತ್ತಿ ನೋಡಿಕೊಳ್ಳುತ್ತಿದ್ದಳು. ಉರಿಯದೆ ಇದ್ದರೆ ಮಗಳ ಕಡೆ ಬರುತ್ತಿದ್ದಳು. ಆದರೆ ಕೈ ಮುಂದೆ ಬಂದದ್ದೇ ತಡ, ಹುಡುಗಿ "ಖಾರದವ್ವ, ಮುಟ್ಟಬ್ಯಾಡ!" ಎನ್ನುತ್ತ ಅಮ್ಮನ ಸೀರೆಯ ಹಿಂದೆ ಅಡಗುತ್ತಿತ್ತು.

"ಹುಡುಗಿ ಅದು, ತಿಳೀದು ಹನಮವ್ವ" ಎನ್ನುತ್ತಿದ್ದಳು ಅಮ್ಮ.

"ಬರೋಬ್ಬರಿನ ಐತಲ್ಲ ಅಕ್ಕಾ. ಅಂಜಿಕೊಂಡಿದ್ರನ ಚಲೋ" ಎಂದು ಹನಮಂತವ್ವ ಹಿಂದೆ ಸರಿಯುತ್ತಿದ್ದಳು.

ಎಂಬತ್ತೆಂಟರಲ್ಲಿ ಹಿರೇವಡ್ಡಟ್ಟಿಯ ಒಳ್ಳೆಯ ಮನೆತನಕ್ಕೆ ರೇಣುಕಾಳ ಲಗ್ನ ಗೊತ್ತಾಯಿತು. ಆ ವರ್ಷ ಹನಮಂತವ್ವ ಸುಗ್ಗಿಗೆ ಕೈ ಹಾಕಲಿಲ್ಲ. ಈ ಸಲ ಬರದಿದ್ದರೆ ಮುಂದೆ ಜಾಗ ಇಲ್ಲ ಎಂದು ಅಂಗಡಿಯವರು ಹೇಳಿ ಕಳಿಸಿದರು. ಅವಳು ಜಗ್ಗಲಿಲ್ಲ.

"ಕಳಸೂಮುಂದರ ಒಮ್ಮೆ ಆಕಿ ಮಾರಿಗೆ ಕೈ ಹಚ್ಚಿ ಲಟಿಗಿ ಮುರೀಬೇಕು ಅಕ್ಕಾ. ಹದಿನೇಳು ವರ್ಷ ಆತು" ಎಂದಳಂತೆ ಅಮ್ಮನ ಮುಂದೆ.

ಲಕ್ಷ್ಮೇಶ್ವರದ ನನ್ನ ಗಂಡನ ಮನೆಯಿಂದ ನಾನು ಲಗ್ನಕ್ಕೆ ಬಂದಾಗ ಅವಳ ಕೈ ನೋಡಿದೆ. ಸೀಳುಗಳು ಕೂಡಿಕೊಂಡಿದ್ದವು. ಸೆರಗಿನಿಂದ ಹೊರಗೆ ತೆಗೆದು ತಾನಾಗಿಯೇ ತೋರಿಸಿದಳು. ಉಗುರಿಗೆ ಮದರಂಗಿ ಕೂಡ ಹಚ್ಚಿಸಿಕೊಂಡಿದ್ದಳು. ಮಗಳನ್ನು ಕಳಿಸುವ ದಿನ ಬೆಳಿಗ್ಗೆ ಹಿತ್ತಿಲಿಗೆ ಹೋದ ನಾನು ಅವಳು ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುವುದನ್ನು ಕಂಡೆ. ಒಂದು ಕಣ್ಣು, ಆಮೇಲೆ ಇನ್ನೊಂದು.

ಬೀಗರ ಟೆಂಪೋ ಓಣಿಯ ಬಾಯಲ್ಲಿ ನಿಂತಿತ್ತು. ರೇಣುಕಾ ಮೊದಲು ನನ್ನ ತಾಯಿಯ ಮುಂದೆ ಬಗ್ಗಿದಳು. ಅಮ್ಮ ಗಲ್ಲ ಸವರಿ ಲಟಿಕೆ ಮುರಿದು ಅಳತೊಡಗಿದಳು. ಆಮೇಲೆ ಹನಮಂತವ್ವ ಎರಡೂ ಕೈ ಚಾಚಿ ಮುಂದೆ ಬಂದಳು. ರೇಣುಕಾ ಗಟ್ಟಿಯಾಗಿ ಕಣ್ಣು ಮುಚ್ಚಿ ಮುಖ ಆಚೆ ತಿರುಗಿಸಿದಳು. ಬೇಕಂತ ಮಾಡಿದ್ದಲ್ಲ. ಅವಳಿಗದು ಗೊತ್ತೂ ಆಗಲಿಲ್ಲ, ಮೈಗೆ ಅದೇ ರೂಢಿಯಾಗಿತ್ತು.

ಹನಮಂತವ್ವನ ಕೈಗಳು ಗಲ್ಲಕ್ಕೆ ಗೇಣು ದೂರದಲ್ಲೇ ನಿಂತವು. ಅಲ್ಲಿಂದಲೇ ಗಾಳಿಯನ್ನು ಸವರಿ, ತನ್ನ ಹಣೆಗೆ ಒತ್ತಿಕೊಂಡು ಲಟಿಕೆ ಮುರಿದಳು. ಹತ್ತೂ ಬೆರಳು ಸದ್ದು ಮಾಡಿದವು.

"ಆತವ್ವಾ, ಚಂದಾಗಿ ಬಾಳ್ವೆ ಮಾಡು. ಹೋಗು" ಎಂದಳು.

ಟೆಂಪೋ ತಿರುವು ದಾಟುವವರೆಗೂ ಹನಮಂತವ್ವ ಅಳಲಿಲ್ಲ. ಆಮೇಲೆ ಬರಿಗೈಯಿಂದಲೇ ಕಣ್ಣು ಒರೆಸಿಕೊಂಡಳು, ಇನ್ನೊಮ್ಮೆ ಒರೆಸಿಕೊಂಡಳು, ಒದ್ದೆಯಾದ ಕೈಗಳನ್ನು ನನ್ನ ತಾಯಿಯ ಮುಂದೆ ಹಿಡಿದಳು.

"ನೋಡಕ್ಕಾ," ಎಂದಳು, "ಒಂದೀಟೂ ಉರಿಯಾಕತ್ತಿಲ್ಲ."