ಸ್ಟೀರಿಂಗಿಗೆ ಕಟ್ಟಿದ ಕೆಂಪು ಬಿಲ್ಲೆ

ಭಾವ ಆ ಕಾರನ್ನು ಚೆನ್ನಾಗಿ ನೋಡಿಕೊಂಡರು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ಬರುವುದರಲ್ಲಿ ಅವರ ಬಗ್ಗೆ ಒಳ್ಳೆಯ ಮಾತು ಹೆಚ್ಚಿಲ್ಲ.

ಅವರು ನನ್ನ ಅಕ್ಕನ ಗಂಡ. ಹಾಸನದ ಕಡೆಯವರು. ನೌಕಾಪಡೆಯಲ್ಲಿ ಹಡಗಿನ ಎಂಜಿನ್ ಕೋಣೆಯ ಕೆಲಸ. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಅವರಿಬ್ಬರೂ ವಿಶಾಖಪಟ್ಟಣದ ಕ್ವಾರ್ಟರ್ಸಿನಲ್ಲಿದ್ದರು. ನಾನು ಅದೇ ಊರಿನಲ್ಲಿ ಒಂದು ಪತ್ರಿಕೆಗೆ ಬಂದರಿನ ಸುದ್ದಿ ಬರೆಯುತ್ತಿದ್ದೆ. ಭಾನುವಾರ ಅವರ ಮನೆಗೆ ಊಟಕ್ಕೆ ಹೋಗುತ್ತಿದ್ದೆ. ಅಕ್ಕನ ಕೈಯ ಸೊಪ್ಪಿನ ಸಾರಿಗಾಗಿ ಹೋಗುತ್ತಿದ್ದೆ, ಭಾವನ ಮಾತಿಗಾಗಿ ಅಲ್ಲ.

ಕಾರು ಹಳೆಯ ಡೀಸೆಲ್ ಕಾರು, ಸೆಕೆಂಡ್ ಹ್ಯಾಂಡ್. ಬೇರೆಯವರು ಭಾನುವಾರ ಕಾರು ತೊಳೆಯುತ್ತಿದ್ದರು, ಭಾವ ಬಿಚ್ಚುತ್ತಿದ್ದರು. ಡೀಸೆಲ್ ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರು ಇಳಿಸುವುದು, ಏರ್ ಫಿಲ್ಟರ್ ಬಡಿದು ಧೂಳು ತೆಗೆಯುವುದು, ಸಮುದ್ರದ ಉಪ್ಪುಗಾಳಿಗೆ ರಬ್ಬರ್ ಹೋಸ್ ಬಿರುಕು ಬಿಟ್ಟಿದೆಯೇ ಎಂದು ಉಗುರಿನಿಂದ ಒತ್ತಿ ನೋಡುವುದು. "ಕೆಟ್ಟ ಮೇಲೆ ರಿಪೇರಿ ಮಾಡೋನು ಮೆಕ್ಯಾನಿಕ್ಕು. ಕೆಡದಂಗೆ ನೋಡ್ಕೊಳ್ಳೋನು ನೇವಿಯೋನು," ಎನ್ನುತ್ತಿದ್ದರು. ಹಾಗೆಂದಾಗಲೆಲ್ಲ ನನ್ನ ಕಡೆ ನೋಡುತ್ತಿದ್ದರು. ನಾನು ಎರಡೂ ಅಲ್ಲದವನು.

ಹಡಗಿನ ಒಂದು ಪದ್ಧತಿಯನ್ನು ಅವರು ಮನೆಗೂ ತಂದಿದ್ದರು. ಹಡಗಿನಲ್ಲಿ ಯಾವುದಾದರೂ ಯಂತ್ರ ಬಿಚ್ಚಿದವನು ಅದರ ಸ್ವಿಚ್ಚಿಗೆ ತನ್ನ ಹೆಸರಿನ ಕೆಂಪು ಬಿಲ್ಲೆ ತೂಗುಹಾಕುತ್ತಾನೆ. ಆ ಬಿಲ್ಲೆ ಇರುವವರೆಗೆ ಯಂತ್ರವನ್ನು ಯಾರೂ ಚಾಲೂ ಮಾಡುವಂತಿಲ್ಲ. ಬಿಲ್ಲೆಯನ್ನು ತೆಗೆಯುವ ಹಕ್ಕು ಕಟ್ಟಿದವನಿಗೆ ಮಾತ್ರ. ಅವನು ಪಾಳಿ ಮುಗಿಸಿ ಹೋಗುವಾಗ ಮುಂದಿನವನಿಗೆ ಕೆಲಸವನ್ನು ಕಣ್ಣಾರೆ ತೋರಿಸಿ ಬಿಲ್ಲೆ ಒಪ್ಪಿಸಬೇಕು. ಅಲ್ಲಿಂದ ಅದು ಒಪ್ಪಿಸಿಕೊಂಡವನದು. ಒಮ್ಮೆ ಒಬ್ಬ ದೊಡ್ಡ ಅಧಿಕಾರಿ ಪಂಪು ಚಾಲೂ ಮಾಡು ಎಂದು ಗದರಿದಾಗ, ಬೇರೊಬ್ಬನ ಬಿಲ್ಲೆ ಇದೆ, ಮುಟ್ಟುವುದಿಲ್ಲ ಎಂದು ತಾನು ನಿಂತುಬಿಟ್ಟೆ ಎಂಬ ಕಥೆಯನ್ನು ಭಾವ ಊಟಕ್ಕೆ ಕೂತಾಗ ಬೇಕಾದಷ್ಟು ಸಲ ಹೇಳಿದ್ದರು. ಪ್ರತಿ ಸಲವೂ ಅಧಿಕಾರಿಯ ದರ್ಜೆ ಒಂದು ಮೆಟ್ಟಿಲು ಏರಿರುತ್ತಿತ್ತು.

ತಗಡಿನ ಡಬ್ಬಿಯ ಮುಚ್ಚಳಕ್ಕೆ ಕೆಂಪು ಬಣ್ಣ ಬಳಿದು, ತಮ್ಮ ಹೆಸರು ಬರೆದು, ಅವರು ಕಾರಿಗೂ ಅಂಥದೇ ಬಿಲ್ಲೆ ಮಾಡಿದ್ದರು. ಕಾರು ಬಿಚ್ಚಿದ ದಿನ ಅದನ್ನು ತಂತಿಯಿಂದ ಸ್ಟೀರಿಂಗಿಗೆ ಕಟ್ಟುತ್ತಿದ್ದರು.

ಅಕ್ಕ ಮದುವೆಗೆ ಮುಂಚೆ ಹಾಸನದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವಳು. ವಿಶಾಖಪಟ್ಟಣದಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡಳು. ಅಲ್ಲಿನ ಒಂದು ಆಸ್ಪತ್ರೆಯಿಂದ ಇಂಟರ್‌ವ್ಯೂಗೆ ಕರೆ ಬಂದ ದಿನ ಭಾವ ಹೀಟರ್ ಪ್ಲಗ್‌ಗಳನ್ನು ಬಿಚ್ಚಿ ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟಿದ್ದರು. ಬಿಲ್ಲೆ ತೂಗುತ್ತಿತ್ತು. ಅಕ್ಕ ಬಸ್ಸಿನಲ್ಲಿ ಹೋದಳು, ತಡವಾಯಿತು, ಕೆಲಸ ಸಿಗಲಿಲ್ಲ. ಇನ್ನೊಂದು ಸಲ, ಇನ್ನೊಂದು ಕರೆ ಬಂದಾಗ, ವಾಟರ್ ಪಂಪಿನ ಸರದಿ. ಯಾರು ಏನು ಹೇಳಿದರು ಎನ್ನುವುದರ ಜೊತೆಗೆ ಯಾವತ್ತು ಹೇಳಿದರು ಎಂಬುದನ್ನೂ ಗಮನಿಸಬೇಕೆಂದು ಸುದ್ದಿಮನೆ ನನಗೆ ಕಲಿಸಿತ್ತು. ಕೆಲಸಕ್ಕೆ ಹೋಗಬೇಡ ಎಂದು ಭಾವ ಒಂದು ಸಲವೂ ಹೇಳಲಿಲ್ಲ. ಕಾರು ಬಿಚ್ಚಿದರು, ಅಷ್ಟೆ.

ನೌಕಾಪಡೆಯ ಅವಧಿ ಮುಗಿದ ಮೇಲೆ ಅವರಿಗೆ ವಿಜಯವಾಡದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಜನರೇಟರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಭವಾನಿಪುರಂನಲ್ಲಿ ಮನೆ ಮಾಡಿದರು. ಅಕ್ಕನಿಗೆ ಅದೇ ಊರಿನ ಒಂದು ಲ್ಯಾಬಿನಲ್ಲಿ ಕೆಲಸ ಗೊತ್ತಾಯಿತು. ಆದರೆ ಲ್ಯಾಬ್ ಇದ್ದದ್ದು ಪಟಮಟದಲ್ಲಿ, ಊರಿನ ಇನ್ನೊಂದು ತುದಿ. ಬೆಳಕು ಹರಿಯುವ ಹೊತ್ತಿಗೆ ಹೊರಟು, ಜನ ತಿಂಡಿ ತಿನ್ನುವ ಮೊದಲೇ ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರಬೇಕು. ಸ್ವಂತ ವಾಹನ ಇದ್ದರೆ ಮಾತ್ರ ಕೆಲಸ ಎಂದು ಲ್ಯಾಬಿನವರು ಮೊದಲೇ ಹೇಳಿದ್ದರು. ಸೋಮವಾರ ಸೇರಬೇಕು. ಸೇರದಿದ್ದರೆ ಬೇರೆಯವರಿದ್ದಾರೆ.

ಅದಕ್ಕೆ ಮುಂಚಿನ ಶನಿವಾರ ನಾನು ವಿಶಾಖಪಟ್ಟಣದಿಂದ ರೈಲಿನಲ್ಲಿ ಹೋದೆ. ಗೇಟು ದಾಟಿದೊಡನೆ ಕಂಡದ್ದು ಎತ್ತಿದ ಬಾನೆಟ್. ಟೈಮಿಂಗ್ ಬೆಲ್ಟಿನ ಮೇಲಿನ ಕವಚ ಕಳಚಿ ಗೋಡೆಗೆ ಒರಗಿಸಿತ್ತು, ಬೋಲ್ಟುಗಳು ಸ್ಟೀಲ್ ತಟ್ಟೆಯಲ್ಲಿದ್ದವು. ಸ್ಟೀರಿಂಗಿನಲ್ಲಿ ಬಿಲ್ಲೆ. ಭಾವ ಅದೇ ಮಧ್ಯಾಹ್ನ ವಿಶಾಖಪಟ್ಟಣಕ್ಕೆ ಹೊರಟಿದ್ದರು. ಆಸ್ಪತ್ರೆಯವರ ಅಲ್ಲಿನ ಕಟ್ಟಡದಲ್ಲಿ ಹೊಸ ಜನರೇಟರ್ ಕೂರಿಸುವ ಕೆಲಸ. ಹಿಂದಿರುಗುವುದು ವಾರದ ಕೊನೆಗೆ.

"ಸೋಮವಾರ ನಾನು ಡ್ಯೂಟಿಗೆ ಸೇರ್ಬೇಕು," ಎಂದಳು ಅಕ್ಕ.

"ಸೇರ್ಕೊ. ಬೇಡ ಅಂದೋರ್ಯಾರು?"

"ಕಾರು?"

"ಬಿಚ್ಚಿದೀನಿ, ಕಣ್ಣು ಕಾಣ್ಸಲ್ವಾ?"

"ಓಡ್ತಿದ್ದ ಕಾರನ್ನ ಇವತ್ತೇ ಬಿಚ್ಚಬೇಕಿತ್ತಾ ಭಾವ?" ಎಂದೆ.

"ನೀನು ಪೇಪರ್‌ನೋನು. ಓಡ್ತಿರೋವಾಗ ಬೆಲ್ಟ್ ಕಿತ್ರೆ ಏನಾಗುತ್ತೆ ಗೊತ್ತೇನಪ್ಪ? ವಾಲ್ವ್ ಹೋಗಿ ಪಿಸ್ಟನ್‌ಗೆ ಹೊಡೀತದೆ. ಎಂಜಿನ್ನೇ ಹೋಯ್ತು. ನಿಮ್ಮಕ್ಕ ಬೆಂಜ್ ಸರ್ಕಲ್ ಮಧ್ಯ ನಿಂತ್ಕೊಂಡು ಯಾರಿಗೆ ಫೋನ್ ಮಾಡ್ತಾಳೆ? ನಿಂಗಾ?"

"ಹಂಗಾದ್ರೆ ಹೊಸ ಬೆಲ್ಟ್ ಹಾಕಿ. ಅಲ್ಮೇರಾದಲ್ಲೇ ಐತಲ್ಲ," ಎಂದಳು ಅಕ್ಕ.

"ಟೈಮಿಲ್ಲ. ಬಂದ್ಮೇಲೆ ನೋಡಣ."

"ಆಟೋನಗರದ ಮೆಕ್ಯಾನಿಕ್ ಹಾಕ್ತಾನೆ."

"ನನ್ನ ಬಿಲ್ಲೆ ಐತೆ. ನಾನ್ ಬರೋಗಂಟ ಯಾರೂ ಮುಟ್ಟಂಗಿಲ್ಲ." ಭಾವ ಕೈಯ ಜಿಡ್ಡನ್ನು ಬನಿಯನ್ ಚಿಂದಿಯಲ್ಲಿ ಒರೆಸಿಕೊಂಡರು. "ಅಷ್ಟಕ್ಕೂ ಏನ್ ಮಹಾ ಕೆಲ್ಸ? ಕಂಡೋರ್ ಮನೆ ಬಾಗ್ಲಲ್ಲಿ ಸಿರಿಂಜ್ ಹಿಡ್ಕೊಂಡು ನಿಂತ್ಕೊಳ್ಳೋದು."

ಅಕ್ಕ ಒಳಗೆ ಹೋಗಿ ಅವರ ಬ್ಯಾಗಿಗೆ ಎರಡು ಶರ್ಟು ಮಡಚಿ ಇಟ್ಟು ಹೊರಗೆ ತಂದಳು. ಬ್ಯಾಗನ್ನು ಅವರ ಕೈಗೆ ಕೊಡದೆ ಮೆಟ್ಟಿಲ ಮೇಲೆ ಇಟ್ಟಳು.

"ರೀ, ಪಾಳಿ ಯಾರಿಗೆ ಒಪ್ಪಿಸ್ತೀರ?"

"ಏನಂದೆ?"

"ಬಿಲ್ಲೆ ಕಟ್ಟೋನು ಹಂಗೇ ಊರು ಬಿಟ್ಟು ಹೋಗ್ತಾನಾ? ಕೆಲ್ಸ ತೋರ್ಸಿ, ಒಪ್ಪಿಸಿ ಹೋಗ್ಬೇಕು ಅಂತ ನೀವೇ ಹೇಳಿದ್ದಲ್ವಾ? ಅವತ್ತು ಆ ಅಧಿಕಾರಿ ಕಥೇಲಿ?"

"ಇದೇನ್ ಹಡಗೇನೇ?"

"ಹಡಗಲ್ಲ ಅಂದ್ಮೇಲೆ ಬಿಲ್ಲೆ ಯಾಕೆ?"

ಭಾವ ನಕ್ಕರು. ನಾನು ನಗಲಿಲ್ಲ, ಅಕ್ಕನೂ ನಗಲಿಲ್ಲ. ನಗು ಅವರ ಮುಖದಲ್ಲಿ ಸ್ವಲ್ಪ ಹೊತ್ತು ಒಂಟಿಯಾಗಿ ಇದ್ದು ಹೋಯಿತು. ಮಹಡಿ ಮನೆಯ ಮಾಲೀಕರು ಬಾಲ್ಕನಿಗೆ ಬಂದು ನಿಂತಿದ್ದರು. ಅವರಿಗೆ ಕನ್ನಡ ಬಾರದಿದ್ದರೂ ದನಿ ಅರ್ಥವಾಗುತ್ತಿತ್ತು.

"ಸರಿ. ಒಪ್ಪಿಸ್ತೀನಿ," ಎಂದರು ಭಾವ. "ನಿಂಗಲ್ಲ. ನಿಂಗೇನ್ ತಿಳೀತದೆ? ಬಾರಪ್ಪ ಪೇಪರ್‌ನೋನೆ, ಇಲ್ಲಿ."

ಬಿಲ್ಲೆಯನ್ನು ತಾವೇ ಬಿಚ್ಚಿಕೊಂಡು ನನ್ನನ್ನು ಎಂಜಿನ್ನಿನ ಮುಂದೆ ನಿಲ್ಲಿಸಿದರು. ಒಪ್ಪಿಸಲು ಶುರು ಮಾಡಿದ ಮೇಲೆ ಅವರು ಬೇರೆಯೇ ಮನುಷ್ಯ. ಹಲ್ಲುಗಳ ಬೆಲ್ಟ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಅದನ್ನು ಬಿಗಿಯಾಗಿಡುವ ಟೆನ್ಷನರ್ ಯಾವುದು, ಚಕ್ರಗಳ ಮೇಲಿನ ಗುರುತುಗಳು ಹೇಗೆ ಒಂದಕ್ಕೊಂದು ಕೂಡಬೇಕು, ಕೂಡದಿದ್ದರೆ ಏನಾಗುತ್ತದೆ, ಯಾವ ಬೋಲ್ಟ್ ಉದ್ದ, ಯಾವುದು ಗಿಡ್ಡ, ಎಲ್ಲವನ್ನೂ ತೋರಿಸಿದರು. ಒಂದನ್ನೂ ಬಿಡಲಿಲ್ಲ. ನನಗೆ ಒಂದೂ ತಲೆಗೆ ಹೋಗುವುದಿಲ್ಲ ಎಂಬ ನಂಬಿಕೆ ಅವರಿಗಿತ್ತು. ಆದರೂ ಅರ್ಧಂಬರ್ಧ ಒಪ್ಪಿಸುವುದು ಅವರ ಕೈಯಲ್ಲಿ ಆಗುತ್ತಿರಲಿಲ್ಲ.

ಬಿಲ್ಲೆಯನ್ನು ನನ್ನ ಅಂಗೈಯಲ್ಲಿಟ್ಟು, "ನಂದು ಮುಗೀತು. ಇನ್ನು ನಿಂದು," ಎಂದರು. ಅದು ಹಡಗಿನ ವಾಡಿಕೆಯ ಮಾತು. ಆಮೇಲೆ ಮನೆಯ ಮಾತು ಸೇರಿಸಿದರು: "ನೀನು ರೈಲು ಹತ್ತೋವಾಗ ಮೇಜಿನ ಮೇಲಿಟ್ಟು ಹೋಗು."

ಅವರ ಆಟೋ ತಿರುವು ದಾಟಿದ ಮೇಲೆ ಅಕ್ಕ ಕೈ ಚಾಚಿದಳು. ನಾನು ಬಿಲ್ಲೆ ಕೊಡಲು ಹೋದೆ. ಕೈ ಹಿಂದೆಗೆದುಕೊಂಡಳು.

"ಸುಮ್ನೆ ಕೊಟ್ರೆ ಬೇಡ ಕಣೋ. ತೋರ್ಸಿ ಕೊಡು. ನಾಳೆ ಒಂದ್ ಮಾತು ಬರಬಾರ್ದು."

ನಾನು ಬೆಲ್ಟ್, ಟೆನ್ಷನರ್, ಗುರುತುಗಳು ಎಂದು ವರದಿ ಒಪ್ಪಿಸಿದೆ. ಉದ್ದ ಬೋಲ್ಟಿಗೂ ಗಿಡ್ಡ ಬೋಲ್ಟಿಗೂ ತಡವರಿಸಿದಾಗ ಅವಳೇ ತಿದ್ದಿದಳು. ಇಷ್ಟು ವರ್ಷ ಭಾನುವಾರಗಳಂದು ಚಹಾ ಲೋಟ ಹಿಡಿದು ಅದೇ ಬಾನೆಟ್ಟಿನ ಪಕ್ಕ ನಿಂತವಳು ಅವಳು. ಆಮೇಲೆ ಬಿಲ್ಲೆ ಅವಳ ಕೈ ಸೇರಿತು.

ಭಾನುವಾರ ಆಟೋನಗರದ ಮೆಕ್ಯಾನಿಕ್ ಮನೆಗೇ ಬಂದ. ಹೊಸ ಬೆಲ್ಟ್, ಹೊಸ ಟೆನ್ಷನರ್ ಹಾಕಿದ. ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಿಂದಲೇ ಮೆಲ್ಲಗೆ ಸುತ್ತಿಸಿ, ಗುರುತುಗಳು ಕೂಡಿದ್ದನ್ನು ಅಕ್ಕನಿಗೆ ತೋರಿಸಿದ. ಕಳಚಿದ ಬೆಲ್ಟನ್ನು ಬೆರಳಲ್ಲಿ ಮಡಚಿ ನೋಡಿ, "ಇಂಕಾ ಬಾಗುಂದಿ ಅಮ್ಮಾ," ಎಂದ. ಇನ್ನೂ ಚೆನ್ನಾಗಿಯೇ ಇದೆಯಂತೆ. ಅಕ್ಕ ಅದನ್ನು ತೆಗೆದಿಟ್ಟುಕೊಂಡಳು. ಅವಳೇ ಕೂತು ಚಾವಿ ತಿರುಗಿಸಿದಳು. ಸೋಮವಾರ ನಸುಕಿನಲ್ಲಿ ಹೊರಟಳು. ನಾನು ರೈಲು ಹಿಡಿದೆ.

ಮುಂದಿನ ಭಾನುವಾರ ನಾನು ಬೇಕೆಂದೇ ಮತ್ತೆ ಹೋದೆ. ಭಾವ ಹಿಂದಿನ ರಾತ್ರಿ ಬಂದಿದ್ದರು. ಕಳಚಿದ ಬೆಲ್ಟ್ ಊಟದ ಮೇಜಿನ ಮೇಲೆ, ಅವರ ತಟ್ಟೆ ಇಡುವ ಜಾಗದಲ್ಲಿತ್ತು. ನನ್ನನ್ನು ನೋಡಿ, "ಬಂದ್ರಾ, ಬನ್ನಿ," ಎಂದರು. ಅಷ್ಟು ವರ್ಷ ಏಕವಚನದಲ್ಲಿ ಕರೆದವರು. ಅಂದು ಶುರುವಾದ ಆ ಬಹುವಚನ ಇವತ್ತಿಗೂ ನಿಂತಿಲ್ಲ.

ತಿಂಡಿಯಾದ ಮೇಲೆ ಟೂಲ್ ಪೆಟ್ಟಿಗೆ ಎತ್ತಿಕೊಂಡು ಅಂಗಳಕ್ಕಿಳಿದರು. ನಾನು ಕಿಟಕಿಯಲ್ಲಿದ್ದೆ. ಅವರು ಕಾರಿನ ಬಾಗಿಲು ತೆಗೆದು, ಬಾನೆಟ್ಟಿನ ಕೊಂಡಿ ಎಳೆಯಲು ಕೈ ಒಳಗಿಟ್ಟು, ಹಾಗೇ ನಿಂತರು. ಕೆಂಪು ಬಿಲ್ಲೆ ಸ್ಟೀರಿಂಗಿನಲ್ಲಿ ತೂಗುತ್ತಿತ್ತು. ಅವರ ಹೆಸರನ್ನು ಕೆರೆದು ತೆಗೆದಿತ್ತು. ಅದರ ಮೇಲೆ ಬಿಳಿ ಬಣ್ಣದಲ್ಲಿ ಅಕ್ಕನ ಹೆಸರು.

"ಏಯ್, ಬಿಲ್ಲೆ ತೆಗೀ!" ಅಲ್ಲಿಂದಲೇ ಕೂಗಿದರು.

ಅಕ್ಕ ಒಳಗೆ ಅಕ್ಕಿ ತೊಳೆಯುತ್ತಿದ್ದಳು. "ನನ್ ಕೆಲ್ಸ ಮುಗಿದಿಲ್ಲ," ಎಂದಳು, ಅವರಿಗೆ ಕೇಳುವಷ್ಟೇ ಗಟ್ಟಿಯಾಗಿ.

"ಏನ್ ಕೆಲ್ಸ ನಿಂದು?"

ಅಕ್ಕ ಅಕ್ಕಿಯ ನೀರು ಬಗ್ಗಿಸಿದಳು.

ಬಿಲ್ಲೆಗೆ ಇದ್ದದ್ದು ಒಂದೇ ಸುತ್ತು ತಂತಿ. ಎರಡು ಬೆರಳಿನಲ್ಲಿ ಬಿಚ್ಚಬಹುದಿತ್ತು. ಭಾವ ಅದನ್ನು ಹಿಡಿದು ಮಗುಚಿ ನೋಡಿದರು, ಮತ್ತೆ ಹೆಸರು ಕಾಣುವಂತೆ ತಿರುಗಿಸಿ ಬಿಟ್ಟರು. ಬಾಗಿಲು ಹಾಕಿದರು. ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದು, ನಮ್ಮಿಬ್ಬರ ಕಡೆಗೂ ನೋಡದೆ, ಅದನ್ನು ಮಂಚದ ಅಡಿಗೆ ಕಾಲಿನಿಂದ ತಳ್ಳಿದರು.